ನೇರಪ್ರಸಾರದಲ್ಲಿ ತಂಬಿಟ್ಟು

ಈಗ ಎಲ್ಲರ ಕಣ್ಣಲ್ಲೂ ಟಿವಿಯ ಪೊರೆ. ಚಾನೆಲ್ ಹೇಳಿದ್ದೇ ಕಣ್ಣಿಗೆ ಕಾಣುತ್ತದೆ. ಪೊರೆ ಇಲ್ಲದಿರುವುದು ಚಾನೆಲಿನವರಿಗೆ ಮತ್ತು ಮಾರಮ್ಮನ ಗುಡಿಯ ಪೂಜಾರಿಣಿ ಕೆಂಪಾಜಮ್ಮನಂಥ ಹಠಮಾರಿಗಳಿಗೆ ಮಾತ್ರ. ಅವಳ ತಟ್ಟೆಯಲ್ಲಿದ್ದದ್ದು ಅಕ್ಕಿಹಿಟ್ಟಿಗೆ ಬೆಲ್ಲ ಕಲಸಿ ಮಾರಮ್ಮನಿಗೆ ಎಡೆಯಿಟ್ಟ ತಂಬಿಟ್ಟು. ಚಾನೆಲ್ ಅದನ್ನು ಹಸಿಮಾಂಸ ಎಂದಿತ್ತು. ಹಾಗಾಗಿ ನಾಡಿಗೆಲ್ಲ ಅದು ರಕ್ತ ತೊಟ್ಟಿಕ್ಕುವ ಮಾಂಸವೇ. ಇವತ್ತಿನ ನೇರಪ್ರಸಾರ ನೋಡಿದ ಜನ ಗುಡಿ ಬೇಡವೆಂದರೆ ಸಂಜೆಯೇ ಅದಕ್ಕೆ ಬೀಗ.

"ವೀಕ್ಷಕರೇ, ರಕ್ತದ ಪ್ರಸಾದ ನೋಡಿ," ಎಂದು ವರದಿಗಾರ ನಿಶ್ಚಲ್ ಗಂಟಲು ಹರಿದುಕೊಳ್ಳುತ್ತಿದ್ದ.

"ಬೆಳಗ್ಗಿಂದ ಕಿರುಚ್ತಿದ್ದೀಯ. ಏನಾದ್ರೂ ತಿಂದ್ಯೇನಪ್ಪ?" ಎಂದಳು ಕೆಂಪಾಜಮ್ಮ.

"ಆಮೇಲೆ ಅಜ್ಜಿ, ಲೈವ್‌ನಲ್ಲಿದ್ದೀನಿ."

"ಗೊತ್ತು ಕಣಪ್ಪ, ಅದಕ್ಕೇ ಕೊಡ್ತಿರೋದು. ಅಮ್ಮನ ಪ್ರಸಾದ ಬ್ಯಾಡ ಅಂತೀಯಾ?"

ಪ್ರಸಾದ ಬೇಡ ಎನ್ನಬಾರದು. ಹುಟ್ಟಿದಾಗಿನಿಂದ ಬಂದ ರೂಢಿ. ಅವನ ಬಲಗೈ ತಾನಾಗಿಯೇ ಚಾಚಿಕೊಂಡಿತು, ತಂಬಿಟ್ಟನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಅವನ ನಾಲಿಗೆಗೆ ಏಲಕ್ಕಿ, ಬೆಲ್ಲ. ನಾಡಿನ ಕಣ್ಣಿಗೆ ಮಾತ್ರ, ಗದ್ದದ ಮೇಲೆ ರಕ್ತ ಸುರಿಸಿಕೊಂಡು ಹಸಿಮಾಂಸ ಅಗಿಯುತ್ತಿರುವ ವರದಿಗಾರ.

"ಉಗಿಯೋ, ಉಗಿಯೋ" ಎಂದು ಅವನ ಕಿವಿಯೊಳಗೆ ಸಂಪಾದಕ ಅರಚುತ್ತಿದ್ದ. ಪ್ರಸಾದವನ್ನು ಹೇಗೆ ಉಗಿಯುವುದು?

ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಯಾಮೆರಾದ ಮುಂದೆ ನಿಂತಳು.

"ನುಂಗಪ್ಪ, ನಿಧಾನಕ್ಕೆ ನುಂಗು. ಆಮೇಲೆ ಏನು ತಿಂದೆ ಅಂತ ನಿನ್ನ ಬಾಯಲ್ಲೇ ಹೇಳು."