ಮಾರಿದವನ ಹೆಸರು

ಕ್ಯಾಮೆರಾದ ಡಬ್ಬವನ್ನು ಪೂರ್ತಿ ತೆರೆಯುವ ಮೊದಲೇ ಮುಬಷೀರ್ ತೀರ್ಪು ಕೊಟ್ಟುಬಿಟ್ಟ.

"ಗ್ರೇ ಮಾಲು. ಕಳ್ಳದಾರೀಲಿ ಬಂದಿದ್ದು. ಕಂಪನಿಯೋರು ಮುಟ್ಟಲ್ಲ."

ಮೆಹಜಬೀನ್ ತಲೆಯಾಡಿಸಿದಳು. ಅವಳು ದೊಡ್ಡಉಳ್ಳಾರ್ತಿಯ ಶಾಲೆಯಲ್ಲಿ ಟೀಚರು. ಅರ್ಧ ದಿನ ರಜೆ ಹಾಕಿ ಚಳ್ಳಕೆರೆಗೆ ಬಂದಿದ್ದಳು. ಮುಬಷೀರನ ಅಂಗಡಿಗೆ ಕಾಲಿಟ್ಟದ್ದು ಇದೇ ಮೊದಲು. ಕ್ಯಾಮೆರಾದ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು ಎಂದು ಎರಡು ತಾಲ್ಲೂಕಿನ ಸ್ಟುಡಿಯೋದವರೂ ಒಪ್ಪಿದ್ದರು. ಸೈಬರ್ ಕೆಫೆಯಲ್ಲಿ ಕೂತು ಬೆಲೆ ಹುಡುಕುವ ಹುಚ್ಚು ಎಲ್ಲರಿಗೂ ಹತ್ತಿದ್ದ ಕಾಲ ಅದು, ಎರಡು ಸಾವಿರದ ಒಂಬತ್ತು. ನೆಟ್‌ನಿಂದ ಕ್ಯಾಮೆರಾ ತರಿಸಿಕೊಂಡವರು ಮೊದಲು ಅವನಿಗೇ ತಂದು ತೋರಿಸುತ್ತಿದ್ದರು.

"ಹೆಂಗೆ ಗೊತ್ತಾಯ್ತು ಚಾಚಾ?"

ಯಾರಾದರೂ ಹೀಗೆ ಕೇಳುವುದನ್ನೇ ಅವನು ಕಾಯುತ್ತಿದ್ದ. ಡಬ್ಬದ ಮೇಲೆ ಇಲ್ಲಿನ ಬೆಲೆಯ ಚೀಟಿ ಇರಬೇಕು, ತರಿಸಿದ ಕಂಪನಿಯ ವಿಳಾಸ ಇರಬೇಕು, ಇಲ್ಲಿ ಎರಡೂ ಇಲ್ಲ. ಚಾರ್ಜರಿನ ಪಿನ್ನು ನಮ್ಮ ಪ್ಲಗ್ಗಿಗೆ ಕೂರದ ಚಪ್ಪಟೆ ಪಿನ್ನು. ಪುಸ್ತಕ ಜಪಾನಿ ಭಾಷೆಯದು. ವಾರಂಟಿ ಕಾರ್ಡಿನಲ್ಲಿ ಮೊಹರು ಹಾಕುವ ಜಾಗ ಖಾಲಿ. ಕ್ಯಾಮೆರಾವನ್ನು ಬೋರಲು ಹಾಕಿ ಅಡಿಯ ನಂಬರನ್ನು ಉಗುರಿನಿಂದ ತೋರಿಸಿದ. ಡಬ್ಬದ ಮೇಲಿನದು ಬೇರೆಯೇ ನಂಬರು. ಅವಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವನಿಗೆ ಅದು ಬಹಳ ಹಿಡಿಸಿತು.

"ನೆಟ್‌ನಲ್ಲಿ ಸಸ್ತಾ ಐತೆ ಅಂತ ಬಿದ್ರಲ್ಲ?"

"ನೆಟ್‌ನಲ್ಲೇ ರೇಟು ನೋಡಿದ್ದು. ಅಂಗಡಿಗಿಂತ ಏಳು ಸಾವಿರ ಕಮ್ಮಿ ಇತ್ತು. ಅಬ್ಬಾಗೆ ಆಸೆ ಆಯ್ತು."

ಉಳಿದದ್ದನ್ನು ಅವಳು ಅವನಿಗೆ ಹೇಳಲಿಲ್ಲ.

ಅವಳ ಅಬ್ಬಾ ಇಪ್ಪತ್ತು ವರ್ಷ ಮದುವೆಗಳ ಫೋಟೋ ತೆಗೆದವರು. ಆ ಕ್ಯಾಮೆರಾ ಬಂದ ಎರಡನೇ ತಿಂಗಳು, ಬಿ.ಜಿ. ಕೆರೆಯ ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಅದರ ಶಟರ್ ನಿಂತುಹೋಯಿತು. ಹುಡುಗಿಯ ಮಾವ ಚಪ್ಪರದಡಿಯಲ್ಲೇ ಅವರ ಕೊರಳಪಟ್ಟಿ ಹಿಡಿದ. ಬೆಂಗಳೂರಿನ ಸರ್ವಿಸ್ ಸೆಂಟರಿನವರು ನಂಬರ್ ನೋಡಿ ವಾಪಸ್ ಕಳಿಸಿದರು. ಮಾರಿದವನನ್ನು ಕೇಳಿದರೆ, ಇದು ನನ್ನ ಮಾಲೇ ಅಲ್ಲ, ಬಿಲ್ ತೋರಿಸು ಎಂದ. ಬಿಲ್ ಕೊಟ್ಟಿದ್ದರೆ ತಾನೇ ತೋರಿಸುವುದು? ಕದ್ದ ಮಾಲಿನವನು ಎಂಬ ಮಾತು ಹಬ್ಬಿತು. ಆಮೇಲೆ ಯಾರೂ ಕರೆಯಲಿಲ್ಲ. ಸ್ಟುಡಿಯೋ ಮುಚ್ಚಿದ ಅಬ್ಬಾ ಶಾದಿಮಹಲಿನಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೆ ಸೇರಿದರು. ಫೋಟೋಗ್ರಾಫರ್ ಒಳಗೆ ಬಂದರೆ ತಲೆ ತಗ್ಗಿಸಿ ಹೊರಗೆ ಹೋಗಿಬಿಡುತ್ತಿದ್ದರು. ಹೋದ ರಂಜಾನಿನಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದ ದಿನವೇ ಅವಳು ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡಿದ್ದಳು.

"ಈ ಕ್ಯಾಮೆರಾ ಕೆಟ್ಟು ನಮ್ಮ ಮನೆಯೇ ಹಾಳಾಯ್ತು. ಮಾರಿದವನನ್ನ ಬಿಡಬಾರದು ಚಾಚಾ," ಎಂದಳು. "ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಮುಬಷೀರ್ ಯೋಚಿಸಿದ. ಈ ನೆಟ್ಟಿನವರಿಂದ ಅವನ ವ್ಯಾಪಾರ ಅರ್ಧಕ್ಕೆ ಇಳಿದಿತ್ತು. ಸತ್ತ ಕ್ಯಾಮೆರಾ, ಕಣ್ಣೆದುರು ನಿಂತ ಹೆಣ್ಣುಮಗಳು, ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು? ಭಾನುವಾರ ಫೋಟೋಗ್ರಾಫರ್ ಸಂಘದ ಸಭೆಗೆ ಬಾ ಎಂದ.

ಸಭೆಗೆ ಮೂವತ್ತು ಜನ ಸೇರಿದ್ದರು. ಕಿಟಕಿಯಿಂದ ಎಣ್ಣೆಮಿಲ್ಲಿನ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಮುಬಷೀರ್ ಅರ್ಧ ಗಂಟೆ ಮಾತಾಡಿದ. ಚೀಟಿ, ಪಿನ್ನು, ಪುಸ್ತಕ, ಮೊಹರು, ಒಂದನ್ನೂ ಬಿಡಲಿಲ್ಲ. ಎರಡೂ ನಂಬರನ್ನು ಗಟ್ಟಿಯಾಗಿ ಓದಿದ. ಒಂದು ಮನೆತನ ಹೀಗೆ ಹಾಳಾಯಿತು ಎನ್ನುವಾಗ ಅವನ ದನಿಯೂ ಸ್ವಲ್ಪ ಒಡೆಯಿತು.

ಸಂಘದ ಅಧ್ಯಕ್ಷ ಮಾರುತಿ ಮೆತ್ತಗಿನ ಮನುಷ್ಯ. ತಿಳೀದೆ ಮಾರಿರಬಹುದಲ್ಲ ಎಂದು ಕೇಳಿದ.

"ನಂಬರ್ ನೋಡ್ದೆ ಯಾವ ವ್ಯಾಪಾರಸ್ಥನೂ ಮಾರಲ್ಲ ಕಣ್ರಿ," ಎಂದ ಮುಬಷೀರ್. "ಗೊತ್ತಿದ್ದೇ ಮಾರಿರ್ತಾನೆ. ಅಂಥೋನಿಗೆ ಮಾಫಿ ಇಲ್ಲ."

ಠರಾವನ್ನೂ ಅವನೇ ಹೇಳಿ ಬರೆಸಿದ. ಈ ಕ್ಯಾಮೆರಾ ಮಾರಿದವನ ಹೆಸರನ್ನು ಚಳ್ಳಕೆರೆ, ಮೊಳಕಾಲ್ಮೂರಿನ ಪ್ರತಿಯೊಂದು ಸ್ಟುಡಿಯೋದ ಗೋಡೆಗೂ ಅಂಟಿಸುವುದು. ಸಂಘದವರು ಅವನ ಹತ್ತಿರ ಒಂದು ಬ್ಯಾಟರಿಯನ್ನೂ ಕೊಳ್ಳಬಾರದು. ಅವನ ಮೇಲೆ ಪೊಲೀಸರಿಗೂ ದೂರು ಕೊಡುವುದು. ಮೂವತ್ತು ಕೈ ಮೇಲೆದ್ದವು. ಮೊದಲ ರುಜು ಮುಬಷೀರನದೇ.

"ಹೆಸರು ಹೇಳಮ್ಮ, ಬರ್ಕೋತೀನಿ," ಎಂದ ಮಾರುತಿ.

ಮೆಹಜಬೀನ್ ಪರ್ಸಿನಿಂದ ಒಂದು ಚಿಕ್ಕ ಮೆಮೊರಿ ಕಾರ್ಡ್ ತೆಗೆದಳು. ಡಬ್ಬದ ಜೊತೆಗೇ ಬಂದಿದ್ದು, ಮದುವೆ ಫೋಟೋಗಳಿಗೆ ಸಾಲುವುದಿಲ್ಲವೆಂದು ಅಬ್ಬಾ ಎತ್ತಿಟ್ಟು ಮರೆತಿದ್ದು, ಅವರು ಹೋದ ಮೇಲೆ ಟ್ರಂಕಿನಲ್ಲಿ ಸಿಕ್ಕಿದ್ದು ಎಂದು ಹೇಳಿದಳು. ಕೊಂಡ ದಿನ, ಕೊಂಡ ಜಾಗದಲ್ಲೇ, ಪರೀಕ್ಷೆಗೆಂದು ಹೊಡೆದ ಒಂದೇ ಒಂದು ಫೋಟೋ ಅದರಲ್ಲಿದೆ. ಮಾರುತಿ ಕಾರ್ಡನ್ನು ಸಂಘದ ಕಂಪ್ಯೂಟರಿಗೆ ಹಾಕಿದ.

"ನನ್ನ ಅಬ್ಬಾ ಮೊಳಕಾಲ್ಮೂರಿನ ಶೇಕ್ಷಾವಲಿ," ಎಂದಳು ಅವಳು. "ನೆಟ್‌ನಿಂದ ತರಿಸ್ತೀನಿ ಅಂದಿದ್ರಂತೆ. 'ಅದೇ ರೇಟಿಗೆ ನಾನೇ ಕೊಡ್ತೀನಿ, ಅಲ್ಲೆಲ್ಲ ಮೋಸ ಐತೆ' ಅಂದ್ರಂತೆ ಅಂಗಡಿಯೋರು."

ಪರದೆಯ ಮೇಲೆ ಚಿತ್ರ ತೆರೆದುಕೊಂಡಿತು: ಆಗಷ್ಟೇ ಓದಿದ ನಂಬರಿನ ಡಬ್ಬವನ್ನು ಎದೆಗೆ ಹಿಡಿದು, ತನ್ನ ಅಂಗಡಿಯ ಬೋರ್ಡಿನ ಕೆಳಗೆ, ಬಾಯ್ತುಂಬ ನಗುತ್ತ ನಿಂತ ಮುಬಷೀರ್.