ನಾಲ್ಕನೆಯವಳು

ನನಗೆ ಇಪ್ಪತ್ತೇಳು ಮಂದಿ ಹೆಂಡಿರು. ಅವರಲ್ಲಿ ಹತ್ತೊಂಬತ್ತು ಜನ ಆ ಶನಿವಾರ ಬೆಳಿಗ್ಗೆ ಎದುರುಮನೆಗೆ ಸಾಮಾನು ಇಳಿಸಲು ಬಂದಿದ್ದರು; ಉಳಿದ ಎಂಟು ಜನ ಅಷ್ಟೂ ಮಂದಿಯ ಊಟಕ್ಕೆ ಆಲೂಗಡ್ಡೆ ಬೇಯಿಸುತ್ತಿದ್ದರು. ಪಿಟ್ಸ್‌ಬರ್ಗಿನಿಂದ ಯೂಟಾದ ನಮ್ಮ ಊರಿನವರೆಗೆ ಒಬ್ಬಳೇ ಲಾರಿ ಓಡಿಸಿಕೊಂಡು ಬಂದ ರೆನಾಟಾಗೆ ನಾನು ಹೇಳಿದ್ದು ಇದನ್ನೇ, ಮುಖದ ಒಂದು ಗೆರೆಯೂ ಅಲುಗದಂತೆ.

ತಪ್ಪು ಅವಳದೇ. ಇಳಿದವಳೇ ಕೇಳಿದ್ದಳು: "ನೀವು ಮಾರ್ಮನ್ನರಲ್ವಾ? ನಿಮ್ಮಲ್ಲಿ ಒಬ್ಬೊಬ್ಬರಿಗೆ ಎಷ್ಟು ಹೆಂಡ್ತೀರು?" ಒಬ್ಬನಿಗೆ ಹಲವು ಹೆಂಡಿರು ಎಂಬುದು ನಮ್ಮ ಕ್ರೈಸ್ತ ಪಂಥದ ಹಳೇ ಪದ್ಧತಿ; ಅದನ್ನು ಬಿಟ್ಟು ನೂರು ವರ್ಷದ ಮೇಲಾಯಿತು. ಆದರೂ ಹೊರಗಿನಿಂದ ಬಂದವರೆಲ್ಲ ಅದನ್ನೇ ಕೇಳುತ್ತಾರೆ, ನಾನೂ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮಾರ್ಮನ್ನರಿಗೆ ಕೊಂಬಿರುತ್ತದಂತೆ ಎಂದ ಒಬ್ಬನಿಗೆ ನನ್ನ ತಲೆಯ ಹಳೇ ಗಾಯ ಮುಟ್ಟಿಸಿ, ಹೋದ ವಾರವಷ್ಟೇ ಕತ್ತರಿಸಿದೆ ಎಂದಿದ್ದೆ.

ರೆನಾಟಾ ನಗಲಿಲ್ಲ. ಆಗಷ್ಟೇ ಪಾತ್ರೆ ಹಿಡಿದು ಪಕ್ಕಕ್ಕೆ ಬಂದ ನೆರೆಮನೆಯ ವೆಲ್ಡಾಳನ್ನು ಮೆಲ್ಲಗೆ ಕೇಳಿದಳು, "ನೀವು ಎಷ್ಟನೆಯವರು?"

ನಮ್ಮೂರಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಒಂದೊಂದು ಕೇರಿಯವರ ಪ್ರಾರ್ಥನಾ ಸಭೆಗೂ ಒಂದೊಂದು ಸಂಖ್ಯೆ. ಹೊಸಬಳು ಬಂದ ಕೂಡಲೇ ಅದನ್ನು ಕೇಳಿದಳಲ್ಲ ಎಂದು ವೆಲ್ಡಾ ಹಿಗ್ಗಿಹೋದಳು.

"ನಾನಾ? ನಾಲ್ಕನೆಯವಳು ಕಣಮ್ಮ. ಮೊದ್ಲು ಎರಡನೇದ್ರಲ್ಲಿದ್ದೆ. ಜನ ಜಾಸ್ತಿ ಆದ್ರು ಅಂತ ಮೇಲಿನವರು ಹಂಚಿಬಿಟ್ರು."

"ಹಂಚಿದ್ರಾ?"

"ಹೂಂ. ಇನ್ಮೇಲೆ ನೀನೂ ನಾಲ್ಕನೆಯವಳೇ. ಈ ಬೀದಿಗೆ ಬಂದೋರೆಲ್ಲ ನಮಗೆ ಸೇರಿದ ಹಾಗೇ ಅಲ್ವಾ?"

ರೆನಾಟಾ ಲಾರಿಯ ಹಿಂಬಾಗಿಲು ಎಳೆದು ಬೀಗ ಜಡಿದಳು. ಒಳಗೆ ತೀರಿಹೋದ ಗಂಡನ ಪಿಯಾನೋ ಇತ್ತು. ಸೋಮವಾರದಿಂದ ಇಲ್ಲಿನ ಶಾಲೆಯಲ್ಲಿ ಅವಳು ಸಂಗೀತ ಕಲಿಸಬೇಕಿತ್ತು.

"ಮನೆಯೂ ಬೇಡ, ಕೆಲಸಾನೂ ಬೇಡ. ನಾನು ವಾಪಸ್ ಹೋಗ್ತೀನಿ," ಎಂದು ಸೀಟು ಹತ್ತಿ ಕುಳಿತಳು.

ಬಿಷಪ್ ಡೆಲ್ಮಾಂಟ್ ಲಾರಿಯ ಮುಂದೆ ಬಂದು ನಿಂತ. ವಾರವೆಲ್ಲ ಕೊಳಾಯಿ ರಿಪೇರಿ ಮಾಡಿ, ಭಾನುವಾರ ಸಂಬಳವಿಲ್ಲದೆ ನಮ್ಮನ್ನು ರಿಪೇರಿ ಮಾಡುವ ಮನುಷ್ಯ. ವೆಲ್ಡಾಳ ಮಾತೂ ನನ್ನ ಮಾತೂ ಅವನ ಕಿವಿಗೆ ಬಿದ್ದಿದ್ದವು.

"ವರ್ಲ್, ನಿನ್ನ ಹೆಂಡ್ತೀರ ಹೆಸರು ಒಂದೊಂದಾಗಿ ಹೇಳಿಬಿಡಪ್ಪ," ಎಂದ. "ಎಲ್ಲರೂ ಇಲ್ಲೇ ಇದ್ದಾರೆ. ಅವರ ಗಂಡಂದಿರೂ ಇಲ್ಲೇ ಇದ್ದಾರೆ."

ಹತ್ತೊಂಬತ್ತು ಗಂಡಂದಿರು ಕುರ್ಚಿ ಮೇಜು ಕೆಳಗಿಟ್ಟು ನನ್ನನ್ನೇ ನೋಡಿದರು.

"ಒಬ್ಬಳೂ ಇಲ್ಲಮ್ಮ," ಎಂದೆ, ಟೋಪಿ ತೆಗೆದು. "ಅರವತ್ತಮೂರು ತುಂಬಿತು, ಒಂದು ಮದುವೇನೂ ಆಗಿಲ್ಲ. ಇಬ್ಬರನ್ನ ಕೇಳಿದ್ದೆ, ಇಬ್ಬರೂ ಬೇಡ ಅಂದ್ರು. ನಾಲ್ಕನೇದು ಅಂದ್ರೆ ನಮ್ಮ ಸಭೆಯ ನಂಬರು, ಅಷ್ಟೇ."

"ಹಾಗಾದ್ರೆ ಇವರೆಲ್ಲ ಯಾಕೆ ಬಂದ್ರು? ನಾನು ನಿಮ್ಮ ಮತಕ್ಕೆ ಸೇರ್ಬೇಕಾ?"

"ಸೇರೋದು ಬಿಡೋದು ನಿಮ್ಮಿಷ್ಟ," ಎಂದೆ. "ಲಾರಿ ಬಂತು ಅಂತ ಯಾರೋ ಫೋನ್ ಮಾಡಿದ್ರು. ಬಂದ್ರು."

"ನೀವು ಯಾರೂ ನನಗೆ ಪರಿಚಯಾನೇ ಇಲ್ಲ."

"ಅದಕ್ಕೇ ಬೇಗ ಬಂದ್ರು."

"ಇದೂ ಸುಳ್ಳೇ," ಎಂದಳು ರೆನಾಟಾ. ಇಪ್ಪತ್ತೇಳು ಹೆಂಡಿರನ್ನು ಕಣ್ಣುಮುಚ್ಚಿ ನಂಬಿದವಳು!

ಆದರೂ ಇಳಿದು ಬಂದಳು. ಒಂದು ಗಳಿಗೆ ಆ ಜನರನ್ನೆಲ್ಲ ನೋಡುತ್ತ ನಿಂತು, ಬೀಗ ತೆಗೆದಳು. ಎಂಟು ಜನ ಪಿಯಾನೋಗೆ ಹೆಗಲು ಕೊಟ್ಟರು. ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅದನ್ನು ನಡುಮನೆಯಲ್ಲಿ ಇಳಿಸಿದರು. ಒಂದು ತಂತಿಯೂ ಸದ್ದು ಮಾಡಲಿಲ್ಲ. ಆ ಎಂಟರಲ್ಲಿ ನಾನೂ ಒಬ್ಬ. ಅರ್ಧ ಭಾರ ನನ್ನೊಬ್ಬನ ಮೇಲೇ ಇತ್ತು.

ವೆಲ್ಡಾ ಕೆಮ್ಮಿದಳು.

ಸರಿ, ನಾನು ಬಾಗಿಲು ಹಿಡಿದುಕೊಂಡಿದ್ದೆ.