ಮುನ್ನೂರ ಹನ್ನೆರಡು ‘ಇಲ್ಲ’

ಹೆಡ್‌ಮಾಸ್ಟರು ಪ್ರಿಂಟು ಹಾಕಿಸಿದ್ದ ಹಾಳೆಗಳ ಕಟ್ಟನ್ನು ಹುಡುಗಿಯ ತಾಯಿಯ ಮುಂದೆ ತಳ್ಳಿದರು. “ಮುನ್ನೂರ ಹನ್ನೆರಡು ಸಲ ‘ಇಲ್ಲ’ ಅಂತ ಒತ್ತಿದ್ದಾಳೆ. ನಾವು ಹೇಳ್ತಿರೋದಲ್ಲಮ್ಮ ಇದು, ನಿಮ್ಮ ಮಗಳೇ ಒಪ್ಕೊಂಡಿರೋದು.”

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ವಿಶೇಷ ಶಿಕ್ಷಕಿಗೆ ಮೈಯೆಲ್ಲ ಉರಿದುಹೋಯಿತು. ವಾರಕ್ಕೆರಡು ದಿನ ಈ ಶಾಲೆಗೆ ಬರುವ ಅವಳೇ ಇದನ್ನೆಲ್ಲ ಶುರು ಮಾಡಿದ್ದು. ಗಮನ ಒಂದು ಕಡೆ ನಿಲ್ಲದ, ಕೂತಲ್ಲಿ ಕೂರಲಾಗದ ಈ ಆರನೇ ತರಗತಿಯ ಹುಡುಗಿಗೆಂದು ತಾಯಿಯ ಹಳೇ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಹತ್ತು ನಿಮಿಷಕ್ಕೊಮ್ಮೆ ಸೊಂಟದ ಚೀಲದಲ್ಲಿ ಮೊಬೈಲು ಸಣ್ಣಗೆ ನಡುಗುತ್ತದೆ. ‘ನಾನು ನನ್ನ ಜಾಗದಲ್ಲಿ ಇದ್ದೀನಾ?’ ಎಂಬ ಪ್ರಶ್ನೆ ಮೂಡುತ್ತದೆ. ಹೌದು, ಇಲ್ಲ, ಎರಡರಲ್ಲೊಂದನ್ನು ಒತ್ತಬೇಕು, ಲೆಕ್ಕ ಶಾಲೆಯ ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗುತ್ತದೆ, ಅಷ್ಟೇ. ಯಾರೂ ಗದರಬೇಕಾಗಿಲ್ಲ, ಕಿವಿ ಹಿಂಡಬೇಕಾಗಿಲ್ಲ. ಕಿಟಕಿಯ ಬಳಿ ನಿಂತಿದ್ದವಳು ‘ಇಲ್ಲ’ ಒತ್ತಿ, ತನಗೆ ತಾನೇ ನಕ್ಕು, ಬೆಂಚಿಗೆ ಮರಳುವುದನ್ನು ಶಿಕ್ಷಕಿ ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು. ನಿಜ ಏನಿದೆಯೋ ಅದನ್ನೇ ಒತ್ತು, ಇದಕ್ಕಾಗಿ ನಿನ್ನನ್ನು ಯಾರೂ ಬಯ್ಯುವುದಿಲ್ಲ ಎಂದು ಮೊದಲ ದಿನವೇ ಮಾತು ಕೊಟ್ಟಿದ್ದಳು.

“ಸರ್, ಬರೀ ಮೊತ್ತ ನೋಡ್ತಿದ್ದೀರಿ, ತಾರೀಕು ನೋಡಿ” ಎಂದಳು, ದನಿ ಏರದಂತೆ ಹಲ್ಲು ಕಚ್ಚಿ. “ಮೊದಲ ವಾರ ಅರವತ್ತೊಂದು ‘ಇಲ್ಲ’. ಹತ್ತನೇ ವಾರ ಒಂಬತ್ತು. ಈ ಮಗು ತನ್ನನ್ನ ತಾನೇ ತಿದ್ಕೊಂಡಿದೆ. ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಕೊಡೋಕೆ ನಮ್ಮಲ್ಲಿ ಯಾರಿಗೆ ಆಗುತ್ತೆ?”

ಹೆಡ್‌ಮಾಸ್ಟರು ಹಾಳೆ ತಿರುವಲಿಲ್ಲ. ಬೇರೆ ಮಕ್ಕಳ ತಂದೆತಾಯಿಯರ ದೂರಿದೆ, ತಪಾಸಣೆಯವರು ಬರುವವರಿದ್ದಾರೆ, ಇಂಥ ಮಕ್ಕಳಿಗೆ ಬೇರೆ ಶಾಲೆಗಳಿವೆಯಲ್ಲ ಎಂದು ಒಂದರ ಹಿಂದೊಂದು ಹೇಳುತ್ತಲೇ ಹೋದರು. ಆಮೇಲೆ ಹುಡುಗಿಯನ್ನೇ ಕರೆಸಿದರು. ಇದೆಲ್ಲ ನೀನೇ ಒತ್ತಿದ್ದಾ ಎಂದು ಕೇಳಿದರು.

“ಹೌದು ಸರ್, ನಾನೇ” ಎಂದಳು ಹುಡುಗಿ. ಎಲ್ಲರೂ ತನ್ನ ಕೆಲಸವನ್ನೇ ನೋಡುತ್ತಿದ್ದಾರೆಂಬ ಖುಷಿ ಅವಳ ಮುಖದಲ್ಲಿತ್ತು. ಅಷ್ಟರಲ್ಲಿ ತಾಯಿಯ ಕಡೆ ತಿರುಗಿದವಳು ಹಾಗೇ ನಿಂತುಬಿಟ್ಟಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದ ಆ ಹೆಂಗಸು, ಬ್ಲೀಚಿಗೆ ಬಿರುಕುಬಿಟ್ಟ ಕೈಗಳನ್ನು ಜೋಡಿಸಿ, ಒಂದೇ ಒಂದು ಅವಕಾಶ ಕೊಡಿ ಸಾರ್ ಎಂದು ಅಳುತ್ತಿದ್ದಳು.

ವಿಶೇಷ ಶಿಕ್ಷಕಿ ಸುಮ್ಮನಿರಲಿಲ್ಲ. ವೈದ್ಯರ ಪ್ರಮಾಣಪತ್ರ ಮುಂದಿಟ್ಟಳು, ಮೇಲಿನವರಿಗೆ ಬರೆಯುತ್ತೇನೆಂದಳು. ಕೊನೆಗೆ ಹೆಡ್‌ಮಾಸ್ಟರು ದೊಡ್ಡ ಉಪಕಾರ ಮಾಡುವವರಂತೆ ಒಂದು ತಿಂಗಳ ಗಡುವು ಕೊಟ್ಟರು. ‘ಇಲ್ಲ’ಗಳು ನಿಲ್ಲಬೇಕು, ಇಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಬೇಕು. ಆ ದಿನ ಮನೆಗೆ ಹೋಗುವಾಗ ಶಿಕ್ಷಕಿಗೆ ಗೆದ್ದೆ ಎನ್ನಿಸಲಿಲ್ಲ. ಸೋತೆ ಎನ್ನಲೂ ಮನಸ್ಸು ಬರಲಿಲ್ಲ.

ಎರಡು ವಾರ ಕಳೆಯಿತು. ಹೆಡ್‌ಮಾಸ್ಟರು ವರಾಂಡದಲ್ಲೇ ಶಿಕ್ಷಕಿಯನ್ನು ನಿಲ್ಲಿಸಿ ಹೊಸ ಹಾಳೆ ತೋರಿಸಿದರು. ಒಂದೂ ‘ಇಲ್ಲ’ ಇರಲಿಲ್ಲ.

“ನೋಡಿದ್ರಾ ಮೇಡಂ? ಒಂದೇ ಒಂದು ಸಲ ಬಿಗಿ ಮಾಡಿದ್ದಕ್ಕೆ ಹೇಗೆ ದಾರಿಗೆ ಬಂದಳು. ನಿಮ್ಮ ಮುದ್ದಿನಿಂದ ಆಗ್ತಿತ್ತಾ ಇದು?”

ಅವಳು ನೇರವಾಗಿ ಆರನೇ ತರಗತಿಯತ್ತ ನಡೆದಳು. ಒಳಗೆ ಗಣಿತದ ಪಾಠ ಸಾಗಿತ್ತು. ಹುಡುಗಿಯ ಜಾಗ ಖಾಲಿಯಿತ್ತು. ಹುಡುಕುತ್ತ ಹೋದರೆ, ನೀರಿನ ತೊಟ್ಟಿಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅದೇ ಹೊತ್ತಿಗೆ ಮೊಬೈಲು ನಡುಗಿತು. ಹುಡುಗಿ ಪ್ರಶ್ನೆಯ ಕಡೆ ಕಣ್ಣು ಕೂಡ ಹಾಯಿಸದೆ ‘ಹೌದು’ ಒತ್ತಿದಳು. ತಲೆಯೆತ್ತಿದಾಗ ಶಿಕ್ಷಕಿ ಎದುರಿಗೇ ನಿಂತಿದ್ದಳು.

“ಎಲ್ಲಾ ‘ಹೌದು’ನೇ ಒತ್ತಿದ್ದೀನಿ ಮಿಸ್” ಎಂದಳು ಮೆಲ್ಲಗೆ. “ಇನ್ಮೇಲೆ ಅಮ್ಮನ್ನ ಕರೆಸಲ್ಲ ಅಲ್ವಾ?”